ಏರು ಬಂದ್ರೆ ಯೆಜ್ಡಿ ಯಾಕೆ ಕಿಣಿಕಿಣಿ ಅನ್ನುತ್ತೆ?

ಮಂಡ್ಯದ ಕಡೆಯವರಿಗೆ ಯೆಜ್ಡಿಯ ಪರಿಚಯ ಮಾಡಿಕೊಡೋದು ಅಂದ್ರೆ ಮದ್ದೂರಿನವರಿಗೆ ವಡೆಯ ಪರಿಚಯ ಮಾಡಿಕೊಟ್ಟ ಹಾಗೆ. ಆದರೂ ಈ ಅಂಕಣ ಓದುವ ಚಿಕ್ಕವರಿಗಾಗಿ ನಾಲ್ಕು ಸಾಲು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಅನ್ನುವ ಕಾರ್ಖಾನೆ ಇತ್ತು. 1961ರಿಂದ ಅಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳು ತಯಾರಾಗುತ್ತಿದ್ದವು. 1973ರಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಒಂದೇ ಬೋರು, ಎರಡು ಸೈಲೆನ್ಸರ್, ಕಿಕ್ ಹೊಡೆಯೋ ಕಡ್ಡಿಯೇ ಮಡಚಿದರೆ ಗೇರು. ಹಾಲಿನ ಕ್ಯಾನು, ಬೂಸಾ ಮೂಟೆ, ಹೆಂಡತಿ, ಎರಡು ಮಕ್ಕಳು, ಎಲ್ಲವನ್ನೂ ಒಟ್ಟಿಗೆ ಹೊತ್ತ ಗಾಡಿ ಅದು. ಈಗಲೂ ಜುಲೈ ತಿಂಗಳ ಎರಡನೇ ಭಾನುವಾರ ಬಂದರೆ ಜಾವಾ ದಿನ ಅಂತ ಹಳೇ ಗಾಡಿಗಳೆಲ್ಲ ಹೊಗೆ ಬಿಟ್ಕೊಂಡು ಹೊರಗೆ ಬರುತ್ತವೆ.

ಅಂಥದ್ದೊಂದು ರೋಡ್‌ಕಿಂಗನ್ನು ಮಳವಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಎರಡು ವರ್ಷದ ಹಿಂದೆ ಕೊಂಡ. ಕೊಳ್ಳುವಾಗಲೇ ಅದು ‘ಮಾಡಿಫೈ’ ಆಗಿತ್ತು. ಹಿಂದಿನ ಮಾಲೀಕರು ಪಿಕಪ್ ಬರಲಿ ಅಂತ ಹೆಡ್ಡನ್ನು ಲೇತಿನಲ್ಲಿ ಹೊಡೆಸಿದ್ದರು, ಅಂದರೆ ತಳವನ್ನು ಸವೆಸಿ ತೆಳ್ಳಗೆ ಮಾಡಿಸಿದ್ದರು. ಮೂಲದ ಏರ್ ಫಿಲ್ಟರ್ ಡಬ್ಬಿ ಕಿತ್ತು ಕೋನಿನ ಆಕಾರದ ಫಿಲ್ಟರ್ ಹಾಕಿದ್ದರು. ಸೈಲೆನ್ಸರ್ ಒಳಗಿನ ಕೊಳವೆ ತೆಗೆಸಿದ್ದರು. ಅಂಗಳದಲ್ಲಿ ನಿಲ್ಲಿಸಿ ರೇಸ್ ಮಾಡಿದರೆ ಪಕ್ಕದ ಬೀದಿಯ ನಾಯಿ ಎದ್ದು ಓಡಬೇಕು, ಹಾಗಿತ್ತು. ಈ ವರ್ಷ ಅವನ ಫೋನು: “ಅಣ್ಣೋ, ಏರು ಹತ್ತುವಾಗ ಡಬ್ಬೀಲಿ ಚಿಲ್ರೆ ಕಾಸು ಹಾಕಿ ಅಲ್ಲಾಡ್ಸಿದಂಗೆ ಸದ್ದು ಬತ್ತದೆ ಕಣಣ್ಣೋ. ಈಗಿನ ಪೆಟ್ರೋಲೇ ಸರಿಯಿಲ್ವಂತೆ, ಎಲ್ರೂ ಅದನ್ನೇ ಅಂತಾವ್ರೆ.”

ಸದ್ದಿನ ವರ್ಣನೆ ಕೇಳಿದ ಕೂಡಲೇ, ಗಾಡಿ ಓಡಿಸಬೇಡ, ಮುಖ್ಯವಾಗಿ ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಓಡಿಸಲೇ ಬೇಡ ಅಂದೆ. ಅವನು ನಕ್ಕ. ಈ ಅಂಕಣದ ಓದುಗರಲ್ಲೂ ಕೆಲವರು ನಗಬಹುದು. ಅದಕ್ಕೇ ಮೊದಲು ಆ ಸದ್ದು ಏನು ಅನ್ನೋದನ್ನು ಹೇಳಿಬಿಡುತ್ತೇನೆ. ನಾನು ಮಂಡ್ಯದಲ್ಲಿ ಮೆಕ್ಯಾನಿಕಲ್ ಓದಿ ಬೆಂಗಳೂರಿನಲ್ಲಿ ಕೋಡ್ ಬರೆಯುವವನು. ಕಲಿತದ್ದು ಉಪಯೋಗಕ್ಕೆ ಬರುವುದು ಇಂಥ ಭಾನುವಾರಗಳಲ್ಲಿ ಮಾತ್ರ.

ಪ್ಲಗ್ಗು ಕಿಡಿ ಹಾರಿಸಿದಾಗ ಬೋರಿನೊಳಗಿನ ಪೆಟ್ರೋಲು, ಗಾಳಿ ಎಲ್ಲ ಒಂದೇ ಸಲ ಢಂ ಅನ್ನುವುದಿಲ್ಲ. ಕಬ್ಬು ಕಡಿದ ಗದ್ದೆಯಲ್ಲಿ ಒಣ ತರಗಿಗೆ ಒಂದು ಮೂಲೆಯಿಂದ ಬೆಂಕಿ ಕೊಟ್ಟರೆ ಉರಿ ಸಾಲಾಗಿ ಮುಂದೆ ಸರಿಯುತ್ತದಲ್ಲ, ಹಾಗೆ ಕಿಡಿಯಿಂದ ಹೊರಟ ಉರಿ ಬೋರಿನ ಅಂಚಿನವರೆಗೆ ಹರಡುತ್ತದೆ. ಅದು ಸರಿಯಾದ ರೀತಿ. ಈಗ ಊಹಿಸಿಕೊಳ್ಳಿ: ಉರಿ ಬರುವ ಮುಂಚೆಯೇ ಗದ್ದೆಯ ಆಚೆ ಮೂಲೆಯ ತರಗು ಬಿಸಿಗೆ ತಾನೇ ಹೊತ್ತಿಕೊಂಡರೆ? ಬೋರಿನೊಳಗೆ ಅಂಚಿನಲ್ಲಿ ಉಳಿದ ಅನಿಲ ಮೊದಲೇ ಒತ್ತಡಕ್ಕೆ ಸಿಕ್ಕಿ ಕಾದಿರುತ್ತದೆ. ಇನ್ನೂ ಹಿಂಡಿದರೆ ಅದು ಒಮ್ಮೆಗೇ ಸಿಡಿಯುತ್ತದೆ. ಆ ಸಿಡಿತದ ಅಲೆ ಬೋರಿನ ಗೋಡೆಯಿಂದ ಗೋಡೆಗೆ ಸೆಕೆಂಡಿಗೆ ಸಾವಿರಾರು ಸಲ ಬಡಿಯುತ್ತದೆ. ನಮ್ಮ ಕಿವಿಗೆ ಬೀಳುವ ಕಿಣಿಕಿಣಿ ಅದೇ. ಇಂಗ್ಲಿಷಿನಲ್ಲಿ ಪಿಂಗಿಂಗ್, ನಮ್ಮ ಗ್ಯಾರೇಜುಗಳಲ್ಲಿ ನಾಕಿಂಗ್.

ಸದ್ದಿನಿಂದ ತೊಂದರೆ ಇಲ್ಲ, ಶಾಖದಿಂದ ಇದೆ. ಪಿಸ್ಟನ್ನಿನ ತಲೆಯ ಮೇಲೆ ತೆಳ್ಳಗಿನ ಅನಿಲದ ಪದರವೊಂದು ಯಾವಾಗಲೂ ಹೊದಿಕೆಯ ಹಾಗೆ ಇರುತ್ತದೆ. ಈ ಅಲೆಗಳು ಆ ಹೊದಿಕೆಯನ್ನು ಹರಿಯುತ್ತವೆ. ಅಲ್ಯುಮಿನಿಯಂ ಪಿಸ್ಟನ್ ಕಾದು ಉಬ್ಬುತ್ತದೆ, ಬೋರನ್ನು ಕಚ್ಚಿಕೊಳ್ಳುತ್ತದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಇದನ್ನೇ ಸೀಜ್ ಅನ್ನೋದು. ಅರುವತ್ತು, ಎಪ್ಪತ್ತರ ವೇಗದಲ್ಲಿ ಸೀಜ್ ಆದರೆ ಹಿಂದಿನ ಚಕ್ರ ಅಲ್ಲೇ ನಿಂತುಬಿಡುತ್ತದೆ. ಆ ಕ್ಷಣದಲ್ಲಿ ಕ್ಲಚ್ ಹಿಡಿದವರು ಬಚಾವ್. ಟ್ಯಾಂಕಿನ ಮೇಲೆ ಮಗು ಇದ್ದಾಗ ಕ್ಲಚ್ಚಿನ ಕಡೆ ಎಷ್ಟು ಜನರ ಕೈ ಹೋಗುತ್ತೋ ಗೊತ್ತಿಲ್ಲ. ಇದನ್ನು ಹೇಳಿದ ಮೇಲೆ ತಮ್ಮ ನಗಲಿಲ್ಲ.

ಇನ್ನು ‘ಪೆಟ್ರೋಲ್ ಸರಿಯಿಲ್ಲ’ ಅನ್ನುವ ವಾದ. 1921ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಥಾಮಸ್ ಮಿಡ್ಗ್ಲಿ ಎಂಬಾತ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಒಂಚೂರು ಬೆರೆಸಿದರೆ ಈ ಸದ್ದು ನಿಲ್ಲುತ್ತದೆ ಅಂತ ಕಂಡುಕೊಂಡ. ಎಂಜಿನ್ನಿಗೆ ಒಳ್ಳೆಯದಾಯಿತು, ಉಸಿರಾಡುವ ಮಕ್ಕಳಿಗೆ ಕೆಟ್ಟದಾಯಿತು. ಸೀಸ ಮಿದುಳಿಗೆ ವಿಷ. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಈಗ ಪೆಟ್ರೋಲಿಗೆ ಬೆರೆಸುತ್ತಿರುವುದು ಎಥನಾಲ್, ನೂರಕ್ಕೆ ಇಪ್ಪತ್ತು ಪಾಲು. ಕಬ್ಬಿನ ಹಾಲಿನಿಂದ, ಕಾಕಂಬಿಯಿಂದ ಬರುವ ವಸ್ತು ಅದು, ಮಂಡ್ಯದವರಿಗೆ ನೆಂಟನೇ. ಎಥನಾಲ್‌ನ ಆಕ್ಟೇನ್ ಸಂಖ್ಯೆ ನೂರಕ್ಕಿಂತ ಜಾಸ್ತಿ. ಆಕ್ಟೇನ್ ಜಾಸ್ತಿ ಅಂದರೆ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಶಕ್ತಿ ಜಾಸ್ತಿ. ಹಾಗಾಗಿ ಕಿಣಿಕಿಣಿಗೆ ಇ20 ಪೆಟ್ರೋಲನ್ನು ನೇರವಾಗಿ ಬೈಯೋದು ತಪ್ಪು.

ಹಾಗಂತ ಅದಕ್ಕೆ ಪೂರ್ತಿ ಕ್ಲೀನ್ ಚಿಟ್ ಕೊಡುವ ಹಾಗೂ ಇಲ್ಲ. ಎಥನಾಲ್‌ನ ತೂಕದಲ್ಲಿ ಮೂರನೇ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು ಆಮ್ಲಜನಕವೇ ಇದೆ. ಅಂದರೆ ಅದು ಬುತ್ತಿ ಕಟ್ಟಿಕೊಂಡು ಬಂದ ನೆಂಟ, ಉರಿಯೋಕೆ ಹೊರಗಿನ ಗಾಳಿ ಕಡಿಮೆ ಸಾಕು. ಹಳೇ ಪೆಟ್ರೋಲಿಗೆ ಅಂತ ಹೊಂದಿಸಿದ ಕಾರ್ಬೊರೇಟರಿನಲ್ಲಿ ಇ20 ಹಾಕಿದರೆ ಮಿಶ್ರಣ ಸುಮಾರು ಏಳೆಂಟು ಶೇಕಡಾದಷ್ಟು ‘ಲೀನ್’ ಆಗುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಲೀನ್ ಮಿಶ್ರಣದಲ್ಲಿ ಎಂಜಿನ್ ಹೆಚ್ಚು ಕಾಯುತ್ತದೆ. ಜೊತೆಗೆ ಹಳೆಯ ಕಾಲದ ರಬ್ಬರ್ ಸಾಮಾನಿಗೆ ಎಥನಾಲ್ ಅಷ್ಟಾಗಿ ಆಗಿಬರುವುದಿಲ್ಲ. ಈ ಎರಡನೇ ಮಾತು ನೆನಪಿರಲಿ, ಮುಂದೆ ಬರುತ್ತದೆ.

ತಮ್ಮನಿಗೆ ಊರವರು ಕೊಟ್ಟ ಇನ್ನೊಂದು ಸಲಹೆ ‘ಟೂ ಟಿ ಆಯಿಲ್ ಜಾಸ್ತಿ ಹಾಕು, ತಂಪಾಯ್ತದೆ’. ಅವನು ಲೀಟರಿಗೆ 60 ಮಿಲಿ ಸುರಿಯುತ್ತಿದ್ದ. ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಯೆಜ್ಡಿಯಲ್ಲಿ ಆಯಿಲನ್ನು ಪೆಟ್ರೋಲಿನೊಳಗೇ ಬೆರೆಸುತ್ತೇವೆ. ಜೆಟ್ಟಿನ ತೂತು ಅಷ್ಟೇ ಇರುತ್ತದೆ. ಅದರಲ್ಲಿ ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಅಷ್ಟು ಕಮ್ಮಿ ಹೋಗುತ್ತದೆ, ಮಿಶ್ರಣ ಇನ್ನೂ ಲೀನ್. ಸಾಲದ್ದಕ್ಕೆ ಆಯಿಲು ಆಕ್ಟೇನನ್ನು ಇಳಿಸುತ್ತದೆ, ಉರಿದು ಪಿಸ್ಟನ್ ತಲೆಯ ಮೇಲೆ ಕರಿಯಾಗಿ ಕೂರುತ್ತದೆ. ಆ ಕರಿ ಕೆಂಡವಾದರೆ ಕಿಡಿಗೂ ಮುಂಚೆ ಹೊತ್ತಿಸುತ್ತದೆ. ತಂಪು ಮಾಡಲು ಹಾಕಿದ್ದು ಬೆಂಕಿಗೆ ಸೌದೆ ಆಯಿತು. 40 ಮಿಲಿಗೆ ಇಳಿಸಿದೆವು.

ಗಾಡಿಯನ್ನು ಟೆಂಪೋದಲ್ಲಿ ಮದ್ದೂರಿಗೆ ತಂದೆವು. ಅಲ್ಲೊಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ, ನಾವೆಲ್ಲ ಅವರನ್ನು ಮೇಷ್ಟ್ರೇ ಅಂತಲೇ ಕರೆಯೋದು. ಅದಕ್ಕೂ ಮುಂಚೆ ಇನ್ನೊಂದು ಕಡೆ ತೋರಿಸಿದ್ದಾಗ ಸ್ಟ್ಯಾಂಡ್ ಹಾಕಿ ರೇಸ್ ಮಾಡಿ ‘ಏನೂ ಇಲ್ಲ, ಸೈಲೆನ್ಸರ್ ಲೂಸು’ ಅಂದಿದ್ದರಂತೆ. ಮೇಷ್ಟ್ರು ಸ್ಟ್ಯಾಂಡ್ ಹಾಕಲೇ ಇಲ್ಲ. “ನಿಂತಿರೋ ಗಾಡಿ ಕೇಳಿ ಏನಪ್ಪಾ ಮಾಡ್ಲಿ? ಇಬ್ಬರು ಕೂತ್ಕಂಡು ಏರು ಹತ್ಸಿ, ಯಾವ ಗೇರಲ್ಲಿ ಬತ್ತದೆ, ಆಕ್ಸಲೇಟ್ರು ಬುಟ್ರೆ ನಿಂತದಾ, ನೋಡ್ಕಂಡು ಬನ್ನಿ” ಅಂದರು.

ಮದ್ದೂರಿನಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಹೋಗುವ ರಸ್ತೆ ಬಹುಪಾಲು ಸಮತಟ್ಟು, ಗದ್ದೆ ಬಯಲು. ಅಲ್ಲಿ ಗಾಡಿ ಬೆಣ್ಣೆ. ಏರು ಬೇಕು ಅಂದರೆ ಹಲಗೂರಿನ ಆಚೆ ಮುತ್ತತ್ತಿ ರಸ್ತೆ. ಇಳಿದು ಹೋಗಿ ಮುತ್ತತ್ತಿರಾಯನಿಗೆ ಕೈ ಮುಗಿದು, ಹೊಸ ಪ್ಲಗ್ ಹಾಕಿ, ನಿಧಾನಕ್ಕೆ ವಾಪಸ್ ಹತ್ತಿಸಿದೆವು. ಮೂರನೇ ಗೇರು, ಕಡಿಮೆ ವೇಗ, ಆಕ್ಸಲರೇಟರ್ ಮುಕ್ಕಾಲು ತಿರುಗಿಸಿದ ಕೂಡಲೇ ಕಿಣಿಕಿಣಿ ಶುರು. ಎರಡನೇ ಗೇರಿಗೆ ಇಳಿಸಿದರೆ ಕಮ್ಮಿ. ಆಕ್ಸಲರೇಟರ್ ಬಿಟ್ಟರೆ ಮಾಯ. ಸಣ್ಣ ಬೇರಿಂಗೋ ಸೈಲೆನ್ಸರ್ ಕ್ಲಾಂಪೋ ಸಡಿಲವಾದ ಸದ್ದಾಗಿದ್ದರೆ ಭಾರ ಇಳಿದ ಮೇಲೂ ಇರುತ್ತಿತ್ತು. ಪಿಸ್ಟನ್ ಬೋರಿಗೆ ಬಡಿಯುವ ಸದ್ದು ಗಾಡಿ ತಣ್ಣಗಿದ್ದಾಗ ಜಾಸ್ತಿ, ಕಾದ ಮೇಲೆ ಕಮ್ಮಿ. ಇದು ಉಲ್ಟಾ. ಏರಿನ ನಡುವೆಯೇ ಕ್ಲಚ್ ಹಿಡಿದು ಕೀ ಆಫ್ ಮಾಡಿ ಪ್ಲಗ್ ಬಿಚ್ಚಿದೆವು. ಪಿಂಗಾಣಿ ಬೆಳ್ಳಗೆ ಸುಣ್ಣದ ಹಾಗೆ. ಅದರ ಮೇಲೆ ಸೂಜಿಮೊನೆಯಷ್ಟು ಸಣ್ಣ ಮಿರಿಮಿರಿ ಚುಕ್ಕಿಗಳು. ಅಲ್ಯುಮಿನಿಯಂ! ಪಿಸ್ಟನ್ನಿನಿಂದ ಎದ್ದು ಬಂದದ್ದು. ಅಲ್ಲಿಂದ ಮುಂದಕ್ಕೆ ಇಬ್ಬರೂ ಮಾತಾಡದೆ ನಿಧಾನಕ್ಕೆ ಬಂದೆವು.

ಮಾಡಿಫೈ ಆದ ಗಾಡಿಯ ತಲೆನೋವು ಏನೆಂದರೆ ತಪ್ಪು ಒಂದೇ ಕಡೆ ಇರಲ್ಲ. ಆಫೀಸಿನಲ್ಲಿ ನಾವು ಬಗ್ ಹುಡುಕುವಾಗ ಮಾಡುವುದನ್ನೇ ಇಲ್ಲೂ ಮಾಡಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತೆ ಅದೇ ಏರು. ಪೆಟ್ರೋಲ್ ಸುಟ್ಟಿತು, ಆದರೆ ಯಾವುದರಿಂದ ಎಷ್ಟು ಅಂತ ಗೊತ್ತಾಯಿತು.

ಮೊದಲು ಗಾಳಿ ಸೋರಿಕೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್ ಇರುವ ಹೊಟ್ಟೆಯೊಳಗೆ ಹೋಗಿ ಆಮೇಲೆ ಬೋರಿಗೆ ಬರುತ್ತದೆ. ಕ್ರ್ಯಾಂಕಿನ ಎರಡೂ ಬದಿ ರಬ್ಬರ್ ಆಯಿಲ್ ಸೀಲ್. ಎಡಗಡೆ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಂಡು ಹೊಗೆ ಕಾರುತ್ತದೆ, ಯಾರಿಗಾದರೂ ತಿಳಿಯುತ್ತದೆ. ಬಲಗಡೆ ಡೈನಮೋ ಬದಿಯದು ಹೋದರೆ ಬರೀ ಗಾಳಿ ಎಳೆಯುತ್ತದೆ, ಯಾರಿಗೂ ಕಾಣಲ್ಲ. ಪರೀಕ್ಷೆಗೆ ಮೇಷ್ಟ್ರ ಉಪಾಯ ಚೆನ್ನಾಗಿತ್ತು. ಹಳೇ ಪ್ಲಗ್ಗೊಂದರ ಪಿಂಗಾಣಿ ಒಡೆದು ತೆಗೆದು ಅದರ ಹೊಟ್ಟೆಗೆ ಪೈಪು ಕೂರಿಸಿದ್ದಾರೆ. ಸೈಲೆನ್ಸರ್ ತೂತುಗಳಿಗೂ ಕಾರ್ಬೊರೇಟರ್ ಬಾಯಿಗೂ ಸೈಕಲ್ ಟ್ಯೂಬ್ ರಬ್ಬರ್ ಇಟ್ಟು ಬಿಗಿದು ಮುಚ್ಚಿ, ಪಿಸ್ಟನ್ನನ್ನು ಪೂರ್ತಿ ಕೆಳಗೆ ಇಳಿಸಿ, ಆ ಪೈಪಿಗೆ ಬಿಪಿ ನೋಡುವ ಮಿಷನ್ನಿನ ಬಲ್ಬು. ಕೈಯಲ್ಲಿ ಒತ್ತುವ, ಗಡಿಯಾರದಂಥ ಮುಳ್ಳಿರುವ ಹಳೇ ಮಿಷನ್ ಬೇಕು. ಚಿಕ್ಕಮ್ಮನದನ್ನು ತರಿಸಿದೆವು. “ಗಾಡಿಗೂ ಬಿಪಿ ಬಂತೇನ್ಲಾ?” ಅಂತ ಕೇಳಿಯೇ ಕೊಟ್ಟರು. ಮುಳ್ಳನ್ನು 300ಕ್ಕೆ ಏರಿಸಿದರೆ ಅರ್ಧ ನಿಮಿಷದಲ್ಲಿ ನೂರರ ಕೆಳಗೆ. ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ದದ್ದು ಡೈನಮೋ ಹಿಂದಿನ ಸೀಲಿನಲ್ಲಿ. ಮುಟ್ಟಿದರೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಮೂವತ್ತೈದು ವರ್ಷದ ವಯಸ್ಸೋ ಎಥನಾಲೋ, ಎರಡೂ ಸೇರಿಯೋ. ಹೊಸ ಸೀಲ್ ಕೂರಿಸಿದ ಮೇಲೆ ಮುಳ್ಳು ಐದು ನಿಮಿಷ ಕದಲಲಿಲ್ಲ. ಐಡಲಿಂಗ್ ಒಂದೇ ಸಮ ಆಯಿತು. ಏರಿನ ಸದ್ದು ಸ್ವಲ್ಪ ಕಮ್ಮಿ ಆಯಿತು, ನಿಲ್ಲಲಿಲ್ಲ.

ಎರಡನೆಯದು ಪಾಯಿಂಟ್. ಫೀಲರ್ ಗೇಜ್ ಇಟ್ಟರೆ ಸಂದು 0.6 ಮಿಲಿಮೀಟರ್. ಇರಬೇಕಾದ್ದು 0.4. ಸಂದು ಜಾಸ್ತಿಯಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಬೇಗ ಹಾರುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಉರಿ ಹತ್ತಿ ಒತ್ತಡ ಅತಿಯಾಗುತ್ತದೆ. ಸಂದು ಸರಿ ಮಾಡಿ, ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು, ಸಣ್ಣ ಬಲ್ಬು ಕಟ್ಟಿ ಪಾಯಿಂಟ್ ತೆರೆಯುವ ಜಾಗ ಹಿಡಿದು, ಟೈಮಿಂಗನ್ನು ಕಂಪನಿ ಪುಸ್ತಕದಲ್ಲಿ ಇದ್ದ ಅಳತೆಗೆ ತಂದೆವು. ಇದಕ್ಕೆ ಖರ್ಚು ಸೊನ್ನೆ. ಪುನಃ ಮುತ್ತತ್ತಿ. ಈಗ ಸದ್ದು ಇಬ್ಬರು ಕೂತಾಗ, ಕಡಿದಾದ ತಿರುವಿನಲ್ಲಿ ಮಾತ್ರ.

ಇನ್ನು ಉಳಿದದ್ದು ಹೆಡ್ಡು, ತಮ್ಮನ ಪ್ರೀತಿಯ ಪಿಕಪ್ಪಿನ ಮೂಲ. ಪಿಸ್ಟನ್ ಪೂರ್ತಿ ಮೇಲೆ ಇಟ್ಟು ಪ್ಲಗ್ ತೂತಿನಿಂದ ಡಾಕ್ಟರ ಸಿರಿಂಜಿನಲ್ಲಿ ಆಯಿಲ್ ತುಂಬಿ ಅಳೆದೆವು: 26 ಸಿಸಿ. ಮೇಷ್ಟ್ರ ಹತ್ತಿರವೇ ಇದ್ದ, ಕೈ ಹಾಕದ ಇನ್ನೊಂದು ರೋಡ್‌ಕಿಂಗಿನಲ್ಲಿ 33. ಬೋರು 65 ಮಿಲಿಮೀಟರ್, ಪಿಸ್ಟನ್ ಓಡುವ ದೂರ 75, ಲೆಕ್ಕ ಹಾಕಿದರೆ ಸುಮಾರು 249 ಸಿಸಿ. ಅಷ್ಟನ್ನು 33ರೊಳಗೆ ಹಿಂಡಿದರೆ ಒತ್ತಡದ ಅನುಪಾತ ಎಂಟೂವರೆಗೆ ಒಂದು. 26ರೊಳಗೆ ಹಿಂಡಿದರೆ ಹತ್ತೂವರೆ ದಾಟುತ್ತದೆ. ಎರಡು ಮಿಲಿಮೀಟರಿಗೂ ಹೆಚ್ಚು ಸವೆಸಿದ್ದಾರೆ ಅಂತಾಯಿತು. ಸುತ್ತ ನೀರು ಹರಿದು ತಂಪಾಗುವ, ಕಂಪ್ಯೂಟರ್ ಕಿಡಿ ಹೊಂದಿಸುವ ಈಗಿನ ಎಂಜಿನ್ನುಗಳು ಇದಕ್ಕಿಂತ ಜಾಸ್ತಿ ತಡೆಯುತ್ತವೆ. ಬರೀ ಗಾಳಿಗೆ ಮೈಯೊಡ್ಡಿ ತಣಿಯುವ ಹಳೇ ಯೆಜ್ಡಿಗೆ ಅಷ್ಟು ಆಗದು.

“ಹೆಡ್ ಬದ್ಲಾಯ್ಸಿದ್ರೆ ಪಿಕಪ್ ವೊಯ್ತದೆ ಕಣಣ್ಣೋ” ಅಂದ. ಹೋಗುತ್ತೆ ನಿಜ. ಅವನು ಇನ್ನೊಂದು ದಾರಿ ಕೇಳಿದ: ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿಕೊಂಡರೆ ಆಗಲ್ಲವಾ? ಹಾಕಿ ನೋಡಿದೆವು, ಸದ್ದು ಒಂಚೂರು ಇಳಿಯಿತು. ಆದರೆ ಹಲಗೂರಿನಾಚೆ ಸಾಮಾನ್ಯ ಪೆಟ್ರೋಲ್ ತುಂಬಿಸಬೇಕಾದ ದಿನ ಗತಿಯೇನು? ನಾನು ಒಪ್ಪಲಿಲ್ಲ. ಮೇಷ್ಟ್ರೂ ಒಪ್ಪಲಿಲ್ಲ. ಚಿಕ್ಕಮ್ಮ ಅಂತೂ ಮೊಮ್ಮಗಳನ್ನು ಆ ಗಾಡಿಗೆ ಹತ್ತಿಸೋದೇ ಇಲ್ಲ ಅಂತ ಕೂತರು, ಅಲ್ಲಿಗೆ ವಾದ ಮುಗಿಯಿತು. ಮೈಸೂರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಯಾರೂ ಲೇತಿಗೆ ಕೊಡದ ಹೆಡ್ ಸಿಕ್ಕಿತು. ಅದನ್ನು ಕೂರಿಸಿ, ಪಿಸ್ಟನ್ ಮೇಲಿನ ಕರಿಯನ್ನು ಮರದ ಚೂರಿನಲ್ಲಿ ಕೆರೆದು, ಮೂಲದ ಫಿಲ್ಟರ್ ಡಬ್ಬಿ, ಸೈಲೆನ್ಸರ್ ಕೊಳವೆ ವಾಪಸ್ ಹಾಕಿದೆವು. ಪಿಸ್ಟನ್ನಿನ ಅಂಚು ಒಂದು ಕಡೆ ಇರುವೆ ತಿಂದ ಹಾಗೆ ಆಗಿತ್ತು, ಅದನ್ನೂ ಬದಲಾಯಿಸಿದೆವು. ಕೊನೆಗೆ ಇ20 ಲೆಕ್ಕಕ್ಕೆ ಮೇನ್ ಜೆಟ್ ಒಂದು ಸೈಜು ದೊಡ್ಡದು.

ಈಗ ಮೂರನೇ ಗೇರಿನಲ್ಲಿ ಇಬ್ಬರು ಕೂತು ಅದೇ ಏರು ಹತ್ತಿದರೆ ಬರೀ ಯೆಜ್ಡಿಯ ಡುಬುಡುಬು. ಮುನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಪ್ಲಗ್ ಬಿಚ್ಚಿದರೆ ಹುರಿದ ಕಾಫಿ ಬೀಜದ ಬಣ್ಣ, ಮಿರಿಮಿರಿ ಚುಕ್ಕಿ ಇಲ್ಲ.

ನಿಮ್ಮ ಮನೆಯಲ್ಲಿರುವುದು ಈಚಿನ ಇಂಜೆಕ್ಷನ್ ಸ್ಕೂಟರೋ ಬೈಕೋ ಆಗಿದ್ದರೆ ಇಷ್ಟೆಲ್ಲ ಬೇಡ. ಸೈಲೆನ್ಸರಿನಲ್ಲಿ ಕೂತ ಆಮ್ಲಜನಕದ ಸೆನ್ಸರ್ ನೋಡಿಕೊಂಡು ಪೆಟ್ರೋಲನ್ನು ಅದೇ ಹೊಂದಿಸಿಕೊಳ್ಳುತ್ತದೆ. ಏರಿನಲ್ಲಿ ಸದ್ದು ಬಂದರೆ ಗೇರ್ ಇಳಿಸಿ, ಆಮೇಲೂ ಬಂದರೆ ತೋರಿಸಿ. ಕಾರ್ಬೊರೇಟರಿನ ಹಳೇ ಗಾಡಿ ಇದ್ದವರು ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿ ನಿಲ್ಲಿಸಬೇಡಿ, ಎಥನಾಲ್ ನೀರಿನ ಪಸೆ ಹೀರುತ್ತದೆ. ಮಾಡಿಫೈ ಮಾಡಿಸುವ ಆಸೆ ಇರುವ ಮಕ್ಕಳು ಮನೆಯಲ್ಲಿದ್ದರೆ ಇದನ್ನೂ ಹೇಳಿ: ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಹಾಕಬಹುದು, ಆರು ತಿಂಗಳವರೆಗೆ ಜೈಲೂ ಇದೆ.

ಹೊಡೆಸಿದ ಹಳೇ ಹೆಡ್ಡು ತಮ್ಮನ ಮನೆ ಅಟ್ಟದಲ್ಲಿದೆ. ಮೊನ್ನೆ ಅದನ್ನು ಮಾರಲಾ ಅಂತ ಕೇಳಿದ, ಒಬ್ಬ ಹುಡುಗ ಒಳ್ಳೆ ರೇಟಿಗೆ ಕೇಳುತ್ತಿದ್ದಾನಂತೆ. ಎರಡು ಮಿಲಿ ಹೊಡೆದದ್ದು, 26 ಸಿಸಿ ಅಂತ ಅದರ ಮೇಲೆ ಪೇಂಟಿನಲ್ಲಿ ಬರೆದು ಆಮೇಲೆ ಮಾರು ಅಂದಿದ್ದೇನೆ. ಇನ್ನೂ ಬರೆದಿಲ್ಲ, ಮಾರಿಯೂ ಇಲ್ಲ.